ಹಳೇ ವಿಮಾನದ ಪೋಸ್ಟ್‌ಕಾರ್ಡ್: ಅಸಲಿ ಫೋಟೊನಾ, ಅಚ್ಚು ಹಾಕಿದ್ದಾ?

ಬಳ್ಳಾರಿಯ ಕೌಲ್ ಬಜಾರ್ ಕಡೆ ಹಳೇ ಮನೆ ಖಾಲಿ ಮಾಡುವಾಗ ಟ್ರಂಕಿನಿಂದ ಇಂಥ ಕಾರ್ಡು ಹೊರಬರುವುದುಂಟು. ಒಂದರ ಮೇಲೊಂದು ಜೋಡಿ ರೆಕ್ಕೆಯ ವಿಮಾನ, ಕೆಳಗೆ ಟೋಪಿ ಹಾಕಿದ ಜನ. ಸಿಕ್ಕಿದ ಕೂಡಲೇ ಒದ್ದೆ ಬಟ್ಟೆಯಲ್ಲಿ ಒರೆಸುವವರನ್ನು ನೋಡಿ ನೋಡಿ ಸಾಕಾಗಿದೆ. ಫೋಟೊ ಇರುವುದು ತೆಳ್ಳನೆ ಜೆಲಟಿನ್ ಪದರದಲ್ಲಿ. ನೀರು ತಾಗಿದರೆ ಅದು ಉಬ್ಬುತ್ತದೆ, ಒರೆಸಿದರೆ ಕಿತ್ತು ಬರುತ್ತದೆ.

ಮೊದಲು ಕೈ ತೊಳೆದು ಒಣಗಿಸಿ, ಅಂಚು ಹಿಡಿದೆತ್ತಿ, ಮೆತ್ತನೆ ಬ್ರಷ್‌ನಿಂದ ಧೂಳು ಕೊಡವಿ. ಅಷ್ಟೇ.

ಎರಡನೆಯದು ಭೂತಗನ್ನಡಿ. ಎಲ್ಲರೂ ಎಡವುವುದು ಇಲ್ಲೇ. ಚಿನ್ನದಂಗಡಿಯವರು ಕಣ್ಣಿಗಿಟ್ಟುಕೊಳ್ಳುವ, ಹತ್ತು ಪಟ್ಟು ದೊಡ್ಡದು ತೋರಿಸುವಂಥದ್ದೇ ಬೇಕು. ಫೋನಿನ ಜೂಮ್ ನಂಬಬೇಡಿ, ಅದು ಚುಕ್ಕೆಗಳನ್ನು ತಾನೇ ನುಣುಪು ಮಾಡಿಬಿಡುತ್ತದೆ. ಆಕಾಶದ ಬೂದು ಬಣ್ಣ ನೋಡಿ. ಸಾಲು ಸಾಲು ಚುಕ್ಕೆ ಕಂಡರೆ ಅಚ್ಚು. ಚುಕ್ಕೆ ಇಲ್ಲದೆ ಸಣ್ಣ ಹುಳ ಹರಿದಂಥ ಸುಕ್ಕು ಕಂಡರೆ ಅದೂ ಅಚ್ಚೇ, ಕೊಲೊಟೈಪ್ ಅನ್ನುವ ಹಳೇ ವಿಧಾನ. ಏನೂ ಇಲ್ಲದೆ ಬೂದು ಬಣ್ಣ ಮೆಲ್ಲಗೆ ಕರಗಿ ಹೋಗಿದ್ದು, ಕಾರ್ಡನ್ನು ಬೆಳಕಿಗೆ ಓರೆ ಮಾಡಿದಾಗ ಕಪ್ಪು ಭಾಗದ ಅಂಚು ಬೆಳ್ಳಿಯಂತೆ ಹೊಳೆದರೆ, ಅಸಲಿ ಫೋಟೊ.

ಫೋಟೊ ಅಸಲಿಯಾದರೂ ವಿಮಾನ ಅಲ್ಲಿ ಹಾರಿತ್ತು ಅಂತ ಏನಿಲ್ಲ! ಊರಿನ ಚಿತ್ರದ ಮೇಲೆ ವಿಮಾನ ಕತ್ತರಿಸಿ ಅಂಟಿಸಿ, ಮತ್ತೆ ಫೋಟೊ ತೆಗೆದು ಮಾರುತ್ತಿದ್ದರು. ರೆಕ್ಕೆಗಳ ನಡುವಿನ ತಂತಿ ನೋಡಿ: ಅರ್ಧಕ್ಕೇ ಮಾಯವಾಗಿದ್ದರೆ, ಪೆನ್ನಲ್ಲಿ ಗೀಚಿದಂತಿದ್ದರೆ ಅನುಮಾನ ಪಡಿ. ಜನ ಮೇಲೆ ನೋಡದೆ ಸುಮ್ನೆ ಕ್ಯಾಮೆರಾ ಕಡೆ ನೋಡುತ್ತಿದ್ದರಂತೂ ಇನ್ನೂ ಜಾಸ್ತಿ.

ಆಮೇಲೆ ಹಿಂಬದಿ. ಸ್ಟ್ಯಾಂಪ್ ಅಂಟಿಸುವ ಚೌಕದಲ್ಲಿ 'ಅಜೊ' (AZO, ಫೋಟೊ ಕಾಗದದ ಒಂದು ಬ್ರ್ಯಾಂಡ್) ಅಂತಿದ್ದು, ಮೂಲೆಗಳ ನಾಲ್ಕೂ ತ್ರಿಕೋನ ಮೇಲ್ಮುಖವಾಗಿದ್ದರೆ ಕಾಗದ ಸುಮಾರು 1904ರಿಂದ 1918ರದ್ದು. ಎರಡು ಮೇಲೆ, ಎರಡು ಕೆಳಗೆ ಮುಖ ಮಾಡಿದ್ದರೆ ಅದಕ್ಕಿಂತ ಈಚಿನದು. ನೆನಪಿರಲಿ, ಇದು ಕಾಗದದ ವಯಸ್ಸು, ಹಾರಾಟದ್ದಲ್ಲ. ಫ್ರೆಂಚ್ ಪೈಲಟ್ ಬ್ಲೆರಿಯೊ ವಿಮಾನದಲ್ಲಿ ಇಂಗ್ಲಿಷ್ ಕಡಲ್ಗಾಲುವೆ ದಾಟಿದ್ದು 1909ರ ಜುಲೈ 25ರಂದು, ಆದರೆ ಹಳೇ ನೆಗೆಟಿವ್‌ನಿಂದ ಯಾವಾಗ ಬೇಕಾದರೂ ಹೊಸ ಕಾರ್ಡು ತೆಗೆಯಬಹುದು, ಅಲ್ವಾ?

1911ರ ಫೆಬ್ರುವರಿ 18ರಂದು ಅಲಹಾಬಾದಿನಿಂದ ನೈನಿಗೆ ಫ್ರೆಂಚ್ ಪೈಲಟ್ ಆಂರಿ ಪೆಕೆ ವಿಮಾನದಲ್ಲಿ ಒಯ್ದ, ಜಗತ್ತಿನ ಮೊದಲ ಅಧಿಕೃತ ವಿಮಾನ ಟಪಾಲು ಅಂತ ಯಾರಾದರೂ ದೊಡ್ಡ ಬೆಲೆ ಹೇಳಿದರೆ, ಮುದ್ರೆಯ ಶಾಯಿಗೂ ಅದೇ ಭೂತಗನ್ನಡಿ ಹಿಡಿಯಿರಿ. ಈಗಿನ ಇಂಕ್‌ಜೆಟ್ ಪ್ರಿಂಟರಿನ ಚುಕ್ಕೆ ಕಂಡರೆ ನಮಸ್ಕಾರ ಹೇಳಿ ಬನ್ನಿ.

ಇಡುವುದು ಸುಲಭ: ಪಾಲಿಯೆಸ್ಟರ್ ಕವರ್, ತಂಪಾದ ಕಪಾಟು. ನಮ್ಮ ಬೇಸಿಗೆಯಲ್ಲಿ ತಗಡಿನ ಮಾಡಿನ ಕೆಳಗಂತೂ ಬೇಡ. ವಾಸನೆ ಹೊಡೆಯುವ ಅಗ್ಗದ ಪಿವಿಸಿ ಆಲ್ಬಂ ಬೇಡ, ಲ್ಯಾಮಿನೇಷನ್ ಬೇಡವೇ ಬೇಡ. ಹಿಂದೆ ಏನಾದರೂ ಬರೆಯಲೇಬೇಕಾದರೆ ಪೆನ್ಸಿಲ್‌ನಲ್ಲಿ, ಅದೂ ಮೆಲ್ಲಗೆ.