ಮೇಜಿನ ಸುತ್ತ ಐದು ಜನ, ಅವರಲ್ಲಿ ಇಬ್ಬರು ಶತ್ರುಗಳು

'ಬ್ಯಾಟಲ್‌ಸ್ಟಾರ್ ಗ್ಯಾಲಕ್ಟಿಕಾ' ಬೋರ್ಡ್ ಗೇಮ್ ಆಡಲು ನಮ್ಮ ಮನೆಯಲ್ಲಿ ಐದು ಜನ ಸೇರುತ್ತೇವೆ. ನಾನು, ನನ್ನ ಹೆಂಡತಿ, ಬ್ಯಾಂಕಿನಲ್ಲಿ ಕೆಲಸ ಮಾಡುವ ನನ್ನ ಕಾಲೇಜು ಗೆಳೆಯ, ಹೈಸ್ಕೂಲ್ ಟೀಚರ್ ಆಗಿರುವ ಗೆಳತಿ, ಮೇಲಿನ ಮನೆಯ ಇಂಜಿನಿಯರಿಂಗ್ ಓದುವ ಹುಡುಗ. ಇಷ್ಟು ವರ್ಷ ಆಡಿದ ಮೇಲೆ ಒಂದು ಮಾತನ್ನು ಧೈರ್ಯವಾಗಿ ಹೇಳಬಲ್ಲೆ. ಈ ಆಟದಲ್ಲಿ ದ್ರೋಹಿಯನ್ನು ಹಿಡಿಯಬೇಕಾದರೆ ಮುಖ ನೋಡುತ್ತಾ ಕೂತರೆ ಆಗುವುದಿಲ್ಲ. ಕಾರ್ಡುಗಳ ಬಣ್ಣ ನೆನಪಿಟ್ಟುಕೊಳ್ಳಬೇಕು.

ಆಟ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಇದನ್ನು ರೂಪಿಸಿದವರು ಕೋರಿ ಕೊನೀಜ್ಕಾ. 2008ರಲ್ಲಿ ಅಮೆರಿಕದ ಫ್ಯಾಂಟಸಿ ಫ್ಲೈಟ್ ಗೇಮ್ಸ್ ಹೊರತಂದಿತು. ಅದೇ ಹೆಸರಿನ ಟಿವಿ ಸರಣಿಯ ಕಥೆ ಇದಕ್ಕೆ ಆಧಾರ. ಅದನ್ನು ನೋಡಿರದಿದ್ದರೂ ಆಡಬಹುದು, ನಮ್ಮಲ್ಲಿ ಮೂವರು ನೋಡಿಲ್ಲ. ಯಂತ್ರಗಳ ದಾಳಿಯಿಂದ ಉಳಿದ ಮನುಷ್ಯರು ಒಂದು ಹಡಗುಪಡೆಯಲ್ಲಿ ಬಾಹ್ಯಾಕಾಶದಲ್ಲಿ ಓಡುತ್ತಿದ್ದಾರೆ. ಇಂಧನ 8, ಆಹಾರ 8, ಮನೋಬಲ 10, ಜನಸಂಖ್ಯೆ 12. ಇವುಗಳಲ್ಲಿ ಯಾವುದಾದರೂ ಒಂದು ಸೊನ್ನೆಗೆ ಇಳಿದರೆ ಮನುಷ್ಯರು ಸೋತಂತೆ. ಹಡಗುಪಡೆ ಒಂದೊಂದೇ ಜಿಗಿತದಲ್ಲಿ ಒಟ್ಟು 8 ಅಂಕದಷ್ಟು ದೂರ ದಾಟಿ, ಇನ್ನೊಂದು ಜಿಗಿತ ಹಾಕಿದರೆ ಗೆದ್ದಂತೆ. ಎಲ್ಲರೂ ಸೇರಿ ಆಟವನ್ನೇ ಎದುರಿಸಬೇಕು. ಆದರೆ ನಮ್ಮಲ್ಲೇ ಕೆಲವರು ಮನುಷ್ಯರ ವೇಷದ ಸೈಲಾನ್‌ಗಳು, ಅಂದರೆ ಆ ಯಂತ್ರಗಳ ಕಡೆಯವರು. ಹಡಗುಪಡೆ ನಾಶವಾದರೆ ಗೆಲುವು ಅವರದ್ದು.

ಐದು ಜನ ಆಡುವಾಗ ನಿಷ್ಠೆಯ ಕಾರ್ಡುಗಳು 10, ಅದರಲ್ಲಿ 2 ಸೈಲಾನ್. ಶುರುವಿನಲ್ಲಿ ಎಲ್ಲರಿಗೂ ಒಂದೊಂದು ಕೊಡುತ್ತಾರೆ. 4 ದೂರ ದಾಟಿದಾಗ ಇನ್ನೊಂದೊಂದು. ಅಂದರೆ ಅರ್ಧ ಆಟ ಪ್ರಾಮಾಣಿಕವಾಗಿ ದುಡಿದವರು ಆ ಹೊತ್ತಿನಲ್ಲಿ ಕಾರ್ಡ್ ತಿರುಗಿಸಿ ನೋಡಿದರೆ ಶತ್ರು ಆಗಿರಬಹುದು. ಎರಡೂ ಸೈಲಾನ್ ಕಾರ್ಡುಗಳು ಎರಡನೇ ಹಂಚಿಕೆಗೇ ಉಳಿದಿರುವ ಸಾಧ್ಯತೆ ಒಂಬತ್ತರಲ್ಲಿ ಎರಡು. ಅಂಥ ಆಟದ ಮೊದಲರ್ಧದಲ್ಲಿ ದ್ರೋಹಿಯೇ ಇರುವುದಿಲ್ಲ, ಆದರೂ ನಾವು ಒಬ್ಬರನ್ನೊಬ್ಬರು ಗುರಾಯಿಸುತ್ತಿರುತ್ತೇವೆ. ನನಗೆ ಈ ಆಟದ ಮೇಲೆ ಇಷ್ಟು ಪ್ರೀತಿ ಬರಲು ಈ ಎರಡನೇ ಹಂಚಿಕೆಯೇ ಕಾರಣ.

ಈಗ ಬಣ್ಣದ ವಿಷಯ. ಪ್ರತಿ ಸರದಿಯ ಕೊನೆಗೆ ಒಂದು ಸಂಕಟದ ಕಾರ್ಡ್ ತೆಗೆಯಬೇಕು. ಹೆಚ್ಚಿನವು ಪರೀಕ್ಷೆಗಳು: ಇಂಥ ಬಣ್ಣದ ಕಾರ್ಡುಗಳಿಂದ ಇಷ್ಟು ಅಂಕ ಕೂಡಿಸಿ ಅಂತ. ಬಣ್ಣಗಳು ಐದು. ಹಳದಿ ರಾಜಕೀಯ, ಹಸಿರು ನಾಯಕತ್ವ, ನೇರಳೆ ಯುದ್ಧತಂತ್ರ, ಕೆಂಪು ವಿಮಾನ ಹಾರಿಸುವುದು, ನೀಲಿ ಇಂಜಿನಿಯರಿಂಗ್. ಕೇಳಿದ ಬಣ್ಣ ಬಿದ್ದರೆ ಅಂಕ ಕೂಡುತ್ತದೆ, ಬೇರೆ ಬಣ್ಣ ಬಿದ್ದರೆ ಕಳೆಯುತ್ತದೆ. ಎಲ್ಲರೂ ಸರದಿಯಂತೆ ತಮಗೆ ಬೇಕಾದಷ್ಟು ಕಾರ್ಡ್ ಮುಚ್ಚಿ ಹಾಕುತ್ತಾರೆ. ಡೆಸ್ಟಿನಿ ಕಟ್ಟಿನಿಂದ ಇನ್ನೆರಡು ಸೇರುತ್ತವೆ. ಆಮೇಲೆ ಕಲಸಿ ಬಿಚ್ಚುವುದು. ಯಾರು ಏನು ಹಾಕಿದರು ಅಂತ ನೇರವಾಗಿ ತಿಳಿಯುವುದಿಲ್ಲ.

ಆದರೆ ಡೆಸ್ಟಿನಿ ಕಟ್ಟಿನಲ್ಲಿ ಇರುವುದು 10 ಕಾರ್ಡ್, ಪ್ರತಿ ಬಣ್ಣದ್ದು ಎರಡೇ. ಐದು ಪರೀಕ್ಷೆಗೆ ಅದು ಖಾಲಿ, ಮತ್ತೆ ಹೊಸದಾಗಿ ಕಟ್ಟಬೇಕು. ಹಾಗಾಗಿ ಆ ಐದು ಪರೀಕ್ಷೆಗಳೊಳಗೆ ಬೇಡದ ಕೆಂಪು ಮೂರನೇ ಸಲ ಬಂದರೆ, ಒಂದನ್ನಂತೂ ಯಾರೋ ಕೈಯಾರೆ ಹಾಕಿದ್ದಾರೆ. ಇನ್ನೊಂದು ಅನುಕೂಲವೂ ಇದೆ. ಯಾರಿಗೆ ಯಾವ ಬಣ್ಣ ಸಿಗುತ್ತದೆ ಅನ್ನುವುದು ಪಾತ್ರದ ಹಾಳೆಯಲ್ಲೇ ಬರೆದಿರುತ್ತದೆ. ಅಡಾಮಾಗೆ ಹಸಿರು, ನೇರಳೆ. ರೋಸ್ಲಿನ್‌ಗೆ ಹಳದಿ, ಹಸಿರು. ನಾನು ಪಕ್ಕದಲ್ಲಿ ಒಂದು ಚೀಟಿ ಇಟ್ಟುಕೊಂಡು ಐದು ಬಣ್ಣಕ್ಕೆ ಐದು ಗೀಟು ಹಾಕುತ್ತೇನೆ, ಬೇಡದ ಕಾರ್ಡ್ ಬಿದ್ದಾಗೆಲ್ಲ ಒಂದು ಚುಕ್ಕೆ. ನಮ್ಮ ಮನೆಯಲ್ಲಿ ಇದಕ್ಕೆ ಒಪ್ಪಿಗೆ ಇದೆ. ಬೇಕಾದರೆ ಎಲ್ಲರೂ ಬರೆದುಕೊಳ್ಳಬಹುದು.

ಒಂದು ಆಟದಲ್ಲಿ ಈ ಚೀಟಿ ನನ್ನ ಹೆಂಡತಿಯನ್ನು ಉಳಿಸಿತು. ಅವಳು ಸ್ಟಾರ್‌ಬಕ್, ನಮ್ಮಲ್ಲಿ ಕೆಂಪು ಕಾರ್ಡ್ ಸಿಗುತ್ತಿದ್ದ ಏಕೈಕ ಪೈಲಟ್. ಬ್ಯಾಂಕಿನ ಗೆಳೆಯ ಅಧ್ಯಕ್ಷೆ ರೋಸ್ಲಿನ್. ಟೀಚರ್ ಅಡ್ಮಿರಲ್ ಅಡಾಮಾ. ಹುಡುಗ ಟೈರಲ್, ನಾನು ಜಾರೆಕ್. ಹಳದಿ, ಹಸಿರು ಬೇಕಿದ್ದ ಪರೀಕ್ಷೆಯಲ್ಲಿ 4 ಅಂಕದ ಕೆಂಪು ಬಿತ್ತು. ಆ ಸುತ್ತಿನ ಮೂರನೇ ಬೇಡದ ಕೆಂಪು ಅದು. ಸ್ವಲ್ಪದರಲ್ಲಿ ಸೋತೆವು, ಮನೋಬಲ ಇಳಿಯಿತು.

"ಇನ್ನೇನು ಬೇಕು? ಕೆಂಪು ಇರೋದು ನಿಮ್ಮ ಹತ್ರ ಮಾತ್ರ ಅಲ್ವಾ ಅಕ್ಕ?" ಅಂದ ಹುಡುಗ. ಟೀಚರ್ ಆಗಲೇ ಅವಳನ್ನು ಬ್ರಿಗ್‌ಗೆ ಹಾಕುವ ಲೆಕ್ಕದಲ್ಲಿದ್ದರು. ಬ್ರಿಗ್ ಅಂದರೆ ಹಡಗಿನ ಜೈಲು. ಅಲ್ಲಿ ಹೋದವರು ಪರೀಕ್ಷೆಗೆ ಒಂದೇ ಕಾರ್ಡ್ ಹಾಕಬಹುದು, ಹೊರಬರಲು ಮತ್ತೆ ಎಲ್ಲರ ಬೆಂಬಲ ಬೇಕು. ನನ್ನ ಹೆಂಡತಿ ಒಂದೇ ಮಾತು ಹೇಳಿದಳು: "ನಾನು ಹಾಕಿಲ್ಲ."

ನನಗೆ ನೆನಪಿದ್ದದ್ದು ಬೇರೆ. ಹಳದಿ ಕಾರ್ಡುಗಳಲ್ಲಿ 'ಕನ್ಸಾಲಿಡೇಟ್ ಪವರ್' ಅಂತ ಒಂದಿದೆ. ಅದನ್ನು ಆಡಿದವರು ತಮ್ಮದಲ್ಲದ ಬಣ್ಣದಿಂದಲೂ ಎರಡು ಕಾರ್ಡ್ ಎತ್ತಬಹುದು. ಕೆಲವು ಸರದಿಗಳ ಹಿಂದೆ ಗೆಳೆಯ ಅದನ್ನು ಆಡಿ ಕೆಂಪು ಕಟ್ಟಿನಿಂದಲೇ ಎರಡು ಎತ್ತಿದ್ದ. "ನಮ್ಮ ವೈಪರ್‌ಗೆ ಏಟು ಬಿದ್ರೆ ತಪ್ಪಿಸೋಕೆ ಬೇಕಾಗುತ್ತೆ" ಅಂದಿದ್ದ. ವೈಪರ್ ಅಂದರೆ ನಮ್ಮ ಕಡೆಯ ಸಣ್ಣ ಯುದ್ಧವಿಮಾನ. ಆಮೇಲೆ ವೈಪರ್‌ಗಳಿಗೆ ಏಟು ಬಿದ್ದಾಗ ಅವನ ಕೈಯಿಂದ ಏನೂ ಹೊರಬರಲಿಲ್ಲ. ನಾನು ಅಷ್ಟನ್ನೇ ಹೇಳಿದೆ. "ಆ ಎರಡು ಕೆಂಪು ಎಲ್ಲೋ ಮಾರಾಯ?" "ಕೈಯಲ್ಲೇ ಇದೆ ಕಣೋ." ಕಾರ್ಡ್ ತೋರಿಸು ಅಂತ ಕೇಳಲು ನಿಯಮ ಬಿಡುವುದಿಲ್ಲ.

ಮುಂದಿನ ಪರೀಕ್ಷೆಗೆ ಮತ್ತೆ ಹಳದಿ ಬೇಕಿತ್ತು. ನಾನು 'ಇನ್ವೆಸ್ಟಿಗೇಟಿವ್ ಕಮಿಟಿ' ಆಡಿದೆ. ಅದನ್ನು ಆಡಿದರೆ ಆ ಸಲ ಎಲ್ಲರೂ ಕಾರ್ಡುಗಳನ್ನು ಬಿಚ್ಚಿಯೇ ಹಾಕಬೇಕು. ಹಳದಿಯೇ ಹೆಚ್ಚು ಸಿಗುವ ರೋಸ್ಲಿನ್ ಆಗಿದ್ದ ಗೆಳೆಯ, ಕೈ ತುಂಬ ಕಾರ್ಡ್ ಇಟ್ಟುಕೊಂಡು, "ನನ್ನ ಹತ್ರ ಏನೂ ಇಲ್ಲ" ಅಂದು ಸುಮ್ಮನಾದ. ಟೀಚರ್ ಚಶ್ಮಾ ತೆಗೆದು ಅವನನ್ನೇ ನೋಡಿದರು. ತಮ್ಮ ಸರದಿ ಬಂದಾಗ ಬ್ರಿಗ್‌ಗೆ ಅವನ ಹೆಸರು ಹೇಳಿದರು. 7 ಅಂಕದ ಪರೀಕ್ಷೆ, ಸುಲಭವಾಗಿ ದಾಟಿತು. ಅವನು ಸೈಲಾನ್ ಆಗಿದ್ದ. ಸೈಲಾನ್ ತಾನಾಗಿ ಬಯಲಾದಾಗ ಒಂದು ಪೆಟ್ಟು ಕೊಟ್ಟು ಹೋಗುವ ಅವಕಾಶ ಇರುತ್ತದೆ. ಬ್ರಿಗ್‌ನಲ್ಲಿದ್ದರೆ ಅದು ಸಿಗುವುದಿಲ್ಲ. ಆ ಆಟ ನಾವು ಗೆದ್ದೆವು.

ಗೆಳೆಯನ ಆಟ ಕೆಟ್ಟದ್ದೇನೂ ಅಲ್ಲ. ಇನ್ನೊಬ್ಬರ ಬಣ್ಣ ಕದ್ದು ಅವರ ಮೇಲೆ ಹೊರಿಸುವುದು ನಾನು ನೋಡಿದ ಅತಿ ಒಳ್ಳೆಯ ದ್ರೋಹಗಳಲ್ಲಿ ಒಂದು.

ಸೈಲಾನ್ ಕಾರ್ಡ್ ನನ್ನ ಪಾಲಿಗೆ ಬಂದಾಗ ನಾನು ಬೇರೆ ದಾರಿ ಹಿಡಿಯುತ್ತೇನೆ. ಬೇಡದ ಕಾರ್ಡನ್ನು ಹಾಕುವುದೇ ಇಲ್ಲ. ಗೆಲ್ಲುವುದು ಖಚಿತವಾಗಿರುವ ಪರೀಕ್ಷೆಗೆ ನನ್ನ ದೊಡ್ಡ ಅಂಕದ ಕಾರ್ಡುಗಳನ್ನು ಸುರಿದುಬಿಡುತ್ತೇನೆ. ಎಲ್ಲರೂ ಖುಷಿಪಡುತ್ತಾರೆ. ಮುಂದಿನ ಕಷ್ಟದ ಪರೀಕ್ಷೆಗೆ ನನ್ನ ಕೈ ನಿಜವಾಗಿಯೂ ಬರಿದು, ಸುಳ್ಳು ಹೇಳುವ ಅಗತ್ಯವೇ ಬರುವುದಿಲ್ಲ. ಅಡ್ಮಿರಲ್ ಪಟ್ಟ ಸಿಕ್ಕಿದರಂತೂ ಹಬ್ಬ. ಹಡಗು ಜಿಗಿಯುವಾಗ ಅಡ್ಮಿರಲ್ ಎರಡು ಜಾಗದ ಕಾರ್ಡ್ ನೋಡಿ ಒಂದನ್ನು ಆರಿಸುತ್ತಾನೆ. ಬಿಟ್ಟ ಕಾರ್ಡ್ ಯಾವುದು ಅಂತ ಬೇರೆಯವರಿಗೆ ಗೊತ್ತಾಗುವುದಿಲ್ಲ. ಇಂಧನ ತಿನ್ನುವ ಜಾಗವನ್ನು ಆರಿಸಿ, "ಇನ್ನೊಂದು ಇದಕ್ಕಿಂತ ಕೆಟ್ಟದಾಗಿತ್ತು" ಅನ್ನಬಹುದು. ಎರಡು ಸಲ ಹೀಗಾದರೆ ಮಾತ್ರ ಜನ ಎಚ್ಚರವಾಗುತ್ತಾರೆ. ಆದ್ದರಿಂದ ಮಧ್ಯೆ ಒಂದು ಒಳ್ಳೆಯ ಜಾಗ ಕೊಡುತ್ತೇನೆ.

ಸ್ನೇಹಿತರ ನಡುವೆ ಇಷ್ಟೆಲ್ಲ ಸುಳ್ಳು ನಡೆಯಬೇಕಾದರೆ ಮನೆಯ ಕಟ್ಟುಪಾಡು ಬೇಕು. ನಮ್ಮಲ್ಲಿ ಮೊದಲನೆಯದು, ಆಣೆ ಹಾಕುವಂತಿಲ್ಲ. ದೇವರಾಣೆ, ಅಮ್ಮನಾಣೆ, ಮಕ್ಕಳ ತಲೆ ಮುಟ್ಟಿ, ಯಾವುದೂ ಬೇಡ. ಆಣೆ ಕೇಳಿದರೆ ಎದುರಿಗಿರುವವರು ಆಟ ಬಿಡಬೇಕು, ಇಲ್ಲವೇ ನಿಜವಾಗಿಯೂ ಮನಸ್ಸಿಗೆ ಚುಚ್ಚುವ ಸುಳ್ಳು ಹೇಳಬೇಕು. ಎರಡೂ ಅನ್ಯಾಯ. ಇದು ನಮ್ಮ ಟೀಚರ್ ತಂದ ನಿಯಮ, ಇದಿಲ್ಲದೆ ನಾನು ಯಾರ ಜೊತೆಯೂ ಈ ಆಟಕ್ಕೆ ಕೂರುವುದಿಲ್ಲ. ಗಂಡ ಹೆಂಡತಿ ಅನ್ನುವ ಸಲುಗೆಯಲ್ಲಿ ಗುಟ್ಟು ಕೇಳುವುದೂ ಇಲ್ಲ. ಅವತ್ತು ನಾನು ಅವಳ ಪರ ಮಾತಾಡಿದ್ದು ಚೀಟಿ ನೋಡಿಯೇ.

ಎರಡನೇ ನಿಷ್ಠೆ ಕಾರ್ಡ್ ಹಂಚಿದ ಕೂಡಲೇ ಕಾಫಿ ವಿರಾಮ. ಆಗ ಎಲ್ಲರೂ ಎದ್ದು ಓಡಾಡುತ್ತಾರೆ, ಹೊಸದಾಗಿ ಶತ್ರುವಾದವರಿಗೆ ಉಸಿರು ಬಿಡಲು ಸಮಯ ಸಿಗುತ್ತದೆ. ಒಣ ತಿಂಡಿಯೇ ಇರಬೇಕು. ಕಾರ್ಡುಗಳಿಗೆ ಪ್ಲಾಸ್ಟಿಕ್ ಕವರ್ ಹಾಕಿದ್ದರೂ ಎಣ್ಣೆ ಕೈ ಬೇಡ. ಒಂದು ಕಾರ್ಡಿಗೆ ಗುರುತು ಬಿದ್ದರೆ ಗುಟ್ಟು ಉಳಿಯುವುದಿಲ್ಲ.

ಆಟ ಮುಗಿದ ಮೇಲೆ ತಕ್ಷಣ ಎದ್ದುಹೋಗುವಂತಿಲ್ಲ. ದ್ರೋಹಿಗಳು ಯಾವಾಗ ಏನು ಮಾಡಿದರು ಅಂತ ಮೊದಲಿಂದ ಹೇಳಬೇಕು, ಉಳಿದವರು ತಮಗೆ ಯಾವಾಗ ಅನುಮಾನ ಬಂತು ಅಂತ ಹೇಳಬೇಕು. ಗೆಳೆಯ ತನ್ನ ಕೆಂಪು ಕಾರ್ಡುಗಳ ಕಥೆ ಬಿಚ್ಚಿದಾಗ ಹುಡುಗ ನನ್ನ ಹೆಂಡತಿಗೆ ಕ್ಷಮೆ ಕೇಳಿದ, ಅವಳು ಗೆಳೆಯನಿಗೆ ಶಹಬ್ಬಾಸ್ ಅಂದಳು. ಮನಸ್ಸಿನಲ್ಲಿ ಏನಾದರೂ ಉಳಿದಿದ್ದರೆ ಅಲ್ಲೇ ಕರಗುತ್ತದೆ.

ಶುರು ಮಾಡಬೇಕು ಅನ್ನುವವರಿಗೆ ನನ್ನ ಸಲಹೆ, ಐದು ಜನರನ್ನೇ ಸೇರಿಸಿ. ನಾಲ್ಕು ಅಥವಾ ಆರು ಜನರಿದ್ದರೆ 'ಸಿಂಪಥೈಸರ್' ಅನ್ನುವ ಇನ್ನೊಂದು ಕಾರ್ಡ್ ಸೇರುತ್ತದೆ, ನನಗೆ ಅದು ಅಷ್ಟು ಹಿಡಿಸುವುದಿಲ್ಲ. ಮೊದಲ ಸಲ ನಾಲ್ಕು ಗಂಟೆ ಬಿಡುವು ಇಟ್ಟುಕೊಳ್ಳಿ. ಹಳೆಯ ಆಟದ ಮುದ್ರಣ ನಿಂತಿದೆ. ಆದರೆ ಅದೇ ಕಂಪನಿ 2021ರಲ್ಲಿ ತಂದ 'ಅನ್‌ಫ್ಯಾದಮಬಲ್' ಇದರದ್ದೇ ಎಲುಬಿನ ಮೇಲೆ ಕಟ್ಟಿದ ಆಟ. ಅಲ್ಲಿ ಬಾಹ್ಯಾಕಾಶದ ಬದಲು 1913ರ ಒಂದು ಉಗಿಹಡಗು. ಬಣ್ಣ ಎಣಿಸುವ ಚೀಟಿ ಅಲ್ಲಿಯೂ ಹತ್ತಿರ ಇರಲಿ.