ಹಂಪನಕಟ್ಟೆಯಲ್ಲಿ ಶೂಟಿಂಗ್: ಮೊದಲು ಗಾಡಿಗಳಿಗೆ ಜಾಗ, ಆಮೇಲೆ ಕ್ಯಾಮೆರಾಕ್ಕೆ

ಮಂಗಳೂರು ಪೇಟೆಯ ನಡುವಿನ ಹಂಪನಕಟ್ಟೆಯಂತಹ ಜಾಗದಲ್ಲಿ ಸಿನಿಮಾ ಶೂಟಿಂಗ್ ನಡೆದ ದಿನ ಜಾಮ್ ಆಗುವುದು ಕ್ಯಾಮೆರಾದಿಂದಲ್ಲ. ಕ್ಯಾಮೆರಾ, ಒಂದು ಮಾನಿಟರ್, ಹಿಂದೆ ನಿಲ್ಲುವ ನಾಲ್ಕು ಜನ, ಇಷ್ಟೆಲ್ಲ ಒಂದು ಕಾರು ನಿಲ್ಲುವ ಜಾಗದಲ್ಲಿ ಹಿಡಿಸುತ್ತದೆ. ದಾರಿ ಕಟ್ಟುವುದು ನಮ್ಮನ್ನು ಹೊತ್ತು ತಂದ ಗಾಡಿಗಳು. ಮಧ್ಯಮ ಗಾತ್ರದ ಯೂನಿಟ್ ಅಂದರೆ ಜನರೇಟರ್ ಗಾಡಿ, ಲೈಟ್ ಲಾರಿ, ಆರ್ಟ್‌ನವರ ಲಾರಿ ತಲಾ 7 ಮೀಟರ್. ಕ್ಯಾಮೆರಾ ವ್ಯಾನ್, ಕಾಸ್ಟ್ಯೂಮ್ ವ್ಯಾನ್, ಮೆಸ್ ವ್ಯಾನ್ ತಲಾ ಐದೂವರೆ. ಕ್ಯಾರವಾನ್ ಎರಡು, ತಲಾ 9. ಜೂನಿಯರ್ ಆರ್ಟಿಸ್ಟ್‌ಗಳ ಬಸ್ಸು 11. ಮೇಲೆ ಎಂಟು ಕಾರು. ನಡುವೆ ಒಂದೊಂದು ಮೀಟರ್ ಬಿಟ್ಟು ಸಾಲಾಗಿ ನಿಲ್ಲಿಸಿದರೆ ಸುಮಾರು 120 ಮೀಟರ್. ಕೆ.ಎಸ್. ರಾವ್ ರಸ್ತೆಯ ಒಂದು ಬದಿಗೆ ಈ ಸಾಲು ನಿಂತಿತೋ, ಆಮೇಲೆ ಕ್ಯಾಮೆರಾ ಆನ್ ಮಾಡಬೇಕೆಂದೇ ಇಲ್ಲ, ಜಾಮ್ ಆಗಿಯೇ ಬಿಟ್ಟಿದೆ. ಹಾಗಾಗಿ ಲೊಕೇಶನ್ ಎಷ್ಟೇ ಚೆಂದ ಇರಲಿ, ಒಪ್ಪುವ ಮೊದಲು ಕೇಳುವ ಪ್ರಶ್ನೆ ಒಂದೇ: ಗಾಡಿ ಎಲ್ಲಿ ಹಾಕುವುದು?

ಪೇಟೆಯೊಳಗೆ ಇದಕ್ಕೆ ಸಿಗುವ ಒಳ್ಳೆಯ ಉತ್ತರ ಕಲ್ಯಾಣ ಮಂಟಪದ ಅಂಗಳ. ಗೇಟು ಅಗಲ, ನೀರು-ಶೌಚಾಲಯ ಇದೆ, ಊಟದ ಹಾಲ್ ಇದೆ, ಕಾವಲುಗಾರ ಇದ್ದಾನೆ. ಲೊಕೇಶನ್‌ನಿಂದ 500ರಿಂದ 800 ಮೀಟರ್ ದೂರ ಇದ್ದರೆ ಸಾಕು. ಅದಕ್ಕಿಂತ ದೂರವಾದರೆ ಮೇಕಪ್ ಆದ ಕಲಾವಿದರನ್ನು ಕರೆತರುವುದೇ ದೊಡ್ಡ ಕೆಲಸವಾಗುತ್ತದೆ. ಸಮಸ್ಯೆ ಇರುವುದು ಮುಹೂರ್ತದ ದಿನಗಳಲ್ಲಿ. ಪಂಚಾಂಗ ನೋಡದೆ ಕಾಲ್ ಶೀಟ್ ಹಾಕಿದರೆ ಹಾಲ್ ಸಿಗುವುದಿಲ್ಲ, ಜೊತೆಗೆ ಪೇಟೆಯ ಪ್ರತಿ ಹಾಲ್‌ನ ಎದುರೂ ರಸ್ತೆಬದಿಗೆ ಕಾರುಗಳು. ಡಿಸೆಂಬರ್ ನಡುವಿನಿಂದ ಜನವರಿ ನಡುವಿನವರೆಗಿನ ಧನುರ್ಮಾಸದಲ್ಲಿ ಹಿಂದೂ ಮದುವೆಗಳಿಲ್ಲ, ಹಾಲ್‌ಗಳು ಖಾಲಿ, ಬಾಡಿಗೆಯಲ್ಲೂ ಚೌಕಾಸಿ ನಡೆಯುತ್ತದೆ. ಆದರೆ ಕ್ರಿಸ್ಮಸ್ ಮುಗಿದ ಕೂಡಲೇ ಕ್ರೈಸ್ತರ ಮದುವೆಗಳ ಸಾಲು ಶುರು; ಚರ್ಚ್ ಹಾಲ್‌ಗಳ ಆಸೆ ಆಗ ಬಿಡಬೇಕು. ಕಪ್ಪುದಿನಗಳಲ್ಲಿ, ಅಂದರೆ ಈಸ್ಟರ್‌ಗೆ ಮುಂಚಿನ ಉಪವಾಸದ ಕಾಲದಲ್ಲಿ, ಲೆಕ್ಕ ತಿರುಗಿ ಅವರ ಹಾಲ್‌ಗಳು ಖಾಲಿ ಇರುತ್ತವೆ.

ದಿನ ಆರಿಸುವಾಗ ಎಲ್ಲರೂ ಹೇಳುವುದು ಭಾನುವಾರ ಬೆಳಿಗ್ಗೆ. ಸರಿಯೇ, ಆದರೆ ಹೊತ್ತು ಎಷ್ಟು ಸಿಗುತ್ತದೆ ಎಂದು ಲೆಕ್ಕ ಹಾಕಿ. ಮೇ ಕೊನೆಯಲ್ಲಿ ಇಲ್ಲಿ ಸೂರ್ಯ ಆರು ಗಂಟೆಗೆ ಹುಟ್ಟುತ್ತಾನೆ, ಡಿಸೆಂಬರ್ ಕೊನೆಯಲ್ಲಿ ಆರೂಮುಕ್ಕಾಲಿಗೆ. ಪೇಟೆ ಒಂಬತ್ತಕ್ಕೆ ಎಚ್ಚರವಾಗುತ್ತದೆ. ಅಂದರೆ ಮೇಯಲ್ಲಿ ಮೂರು ಗಂಟೆ, ಡಿಸೆಂಬರ್‌ನಲ್ಲಿ ಎರಡೇಕಾಲು. ಹಂಪನಕಟ್ಟೆಯ ಕಡೆ ಅದೇ ಹೊತ್ತಿಗೆ ಮಿಲಾಗ್ರಿಸ್ ಚರ್ಚಿನ ಬಲಿಪೂಜೆಗೆ ಬಂದವರ ಕಾರುಗಳೂ ಇರುತ್ತವೆ. ರಥಬೀದಿಯಾದರೆ ವೆಂಕಟರಮಣ ದೇವಸ್ಥಾನದ ಕೊಡಿಯಾಲ್ ತೇರಿನ ದಿನಗಳು, ನವರಾತ್ರಿಯ ಶಾರದಾ ಉತ್ಸವ. ಶರವು ಗಣಪತಿ ದೇವಸ್ಥಾನದ ಬಳಿಯಾದರೆ ಸಂಕಷ್ಟಿ. ಬಂದರಿನ ಓಣಿಗಳಾದರೆ ಶುಕ್ರವಾರ ಮಧ್ಯಾಹ್ನದ ಜುಮಾ. ಲೈಟ್‌ಹೌಸ್ ಹಿಲ್ ರಸ್ತೆಯಲ್ಲಿ ಕಾಲೇಜು ಬಿಡುವ ಹೊತ್ತು. ರೆಕ್ಕಿಗೆ, ಅಂದರೆ ಲೊಕೇಶನ್ ಮೊದಲೇ ನೋಡಿ ಬರಲು, ಹೋಗುವಾಗ ಶೂಟಿಂಗ್ ಇರುವ ವಾರ, ಶೂಟಿಂಗ್ ಇರುವ ಗಂಟೆಗೇ ಹೋಗಿ. ಬುಧವಾರ ಮಧ್ಯಾಹ್ನ ಮೂರಕ್ಕೆ ನೋಡಿದ ರಸ್ತೆಗೂ ಭಾನುವಾರ ಏಳಕ್ಕೆ ಕಾಣುವ ರಸ್ತೆಗೂ ಸಂಬಂಧ ಇರುವುದಿಲ್ಲ.

ಅನುಮತಿಯ ಬಗ್ಗೆ ಹೊರಗಿನ ಯೂನಿಟ್‌ಗಳು ಮಾಡಿಕೊಳ್ಳುವ ದೊಡ್ಡ ತಪ್ಪು ಕಲ್ಪನೆ ಒಂದಿದೆ. ಶೂಟಿಂಗ್‌ಗೆ ಅನುಮತಿ ಬೇರೆ, ರಸ್ತೆ ಮುಚ್ಚುವ ಆದೇಶ ಬೇರೆ. ಮೋಟಾರು ವಾಹನ ಕಾಯ್ದೆ 1988ರ 115ನೇ ಕಲಂ ಪ್ರಕಾರ ವಾಹನ ಸಂಚಾರ ನಿರ್ಬಂಧಿಸುವುದು ಅಧಿಕಾರ ಇರುವವರ ಆದೇಶದಿಂದ ಮಾತ್ರ ಆಗುವ ಕೆಲಸ. ಕೈಯಲ್ಲಿ ಅನುಮತಿ ಪತ್ರ ಇದೆ ಅಂತ ನಮ್ಮ ಹುಡುಗರು ಹಗ್ಗ ಹಿಡಿದು ಗಾಡಿ ತಡೆಯುವ ಹಾಗಿಲ್ಲ. ತಡೆಯುವುದು ಪೊಲೀಸರು, ನಮ್ಮವರು ಪಕ್ಕದಲ್ಲಿ ನಿಂತು ಜನರಿಗೆ ವಿಷಯ ಹೇಳುವುದು. ಅರ್ಜಿ ಪೊಲೀಸ್ ಕಮಿಷನರ್ ಅವರ ಹೆಸರಿಗೆ, ಪ್ರತಿ ಆ ಭಾಗದ ಸಂಚಾರ ಠಾಣೆಗೆ (ಪಾಂಡೇಶ್ವರದಲ್ಲಿ ಒಂದು, ಕದ್ರಿಯಲ್ಲಿ ಒಂದು, ರಸ್ತೆ ಯಾರ ವ್ಯಾಪ್ತಿ ಎಂದು ಮೊದಲೇ ಕೇಳಿಕೊಳ್ಳಿ), ಇನ್ನೊಂದು ಕಾನೂನು ಸುವ್ಯವಸ್ಥೆ ಠಾಣೆಗೆ, ಮತ್ತೊಂದು ಮಹಾನಗರ ಪಾಲಿಕೆಗೆ. ರೈಲ್ವೆ ಜಾಗ, ಬಂದರಿನ ಧಕ್ಕೆ, ಹೆದ್ದಾರಿ ಇವಕ್ಕೆ ಬೇರೆಬೇರೆ ಬಾಗಿಲು. ಹತ್ತು ದಿನ ಮೊದಲೇ ಕೊಡುತ್ತೇವೆ. ಅರ್ಜಿಯಲ್ಲಿ ‘ಹಂಪನಕಟ್ಟೆ ಪರಿಸರ’ ಎಂದು ಬರೆಯಬೇಡಿ. ಯಾವ ಅಂಗಡಿಯಿಂದ ಯಾವ ತಿರುವಿನವರೆಗೆ, ಎಷ್ಟು ಮೀಟರ್, ಎಷ್ಟರಿಂದ ಎಷ್ಟು ಗಂಟೆ, ಎಷ್ಟು ಜನ, ಪ್ರತಿ ಗಾಡಿಯ ನಂಬರ್, ಜನರೇಟರ್ ಎಲ್ಲಿ ಎಂದು ಬರೆದು ಕೈಯಲ್ಲಿ ಗೀಚಿದ ನಕ್ಷೆ ಅಂಟಿಸಿ. ನಕ್ಷೆ ಇದ್ದರೆ ಠಾಣೆಯವರು ಸ್ಥಳಕ್ಕೆ ಬಂದು ನೋಡುತ್ತಾರೆ, ಬಂದೋಬಸ್ತಿಗೆ ಎಷ್ಟು ಸಿಬ್ಬಂದಿ ಬೇಕೆಂದು ಅವರೇ ಹೇಳುತ್ತಾರೆ.

ಜಾಗ ಹಿಡಿಯುವ ಕೆಲಸ ಹಿಂದಿನ ರಾತ್ರಿಯದ್ದು. ಮೂರು ದಿನ ಮೊದಲು ಪ್ರತಿ ಅಂಗಡಿಗೆ, ಮೇಲಿನ ಮಹಡಿಯ ಕ್ಲಿನಿಕ್‌ಗಳಿಗೆ, ಲಾಡ್ಜ್‌ಗೆ, ಫ್ಲ್ಯಾಟ್‌ನ ವಾಚ್‌ಮನ್‌ಗೆ ಒಂದು ಪುಟದ ನೋಟೀಸು: ತಾರೀಕು, ಗಂಟೆ, ಒಂದು ಫೋನ್ ನಂಬರ್. ಆ ಫೋನ್ ಎತ್ತಲು ಒಬ್ಬ ಮನುಷ್ಯ ಇರಬೇಕು, ಅವನಿಗೆ ಆ ದಿನ ಬೇರೆ ಕೆಲಸ ಕೊಡಬಾರದು. ರಾತ್ರಿ ಅಂಗಡಿಗಳು ಬಾಗಿಲು ಹಾಕಿ ಗಾಡಿಗಳು ಖಾಲಿಯಾಗುತ್ತಿದ್ದಂತೆ, ಹತ್ತರ ಸುಮಾರಿಗೆ, ಕೋನ್ ಇಡುತ್ತೇವೆ, ಐದೈದು ಮೀಟರ್‌ಗೆ ಒಂದು. ಹತ್ತು ಮೀಟರ್ ಬಿಟ್ಟರೆ ನಡುವೆ ಕಾರು ನುಗ್ಗುತ್ತದೆ, ಅದೂ ಕೋನ್ ಅನ್ನು ಜಾಗ್ರತೆಯಿಂದ ಬದಿಗಿಟ್ಟು. ಇಬ್ಬರು ರಾತ್ರಿಯಿಡೀ ಕಾವಲು. ಇಷ್ಟಾದರೂ ಬೆಳಿಗ್ಗೆ ಎರಡು-ಮೂರು ಗಾಡಿ ಉಳಿದೇ ಉಳಿಯುತ್ತವೆ: ರೈಲಿಗೆ ಹೋದವರದ್ದು, ಬ್ಯಾಟರಿ ಇಳಿದದ್ದು, ಲಾಡ್ಜ್‌ನಲ್ಲಿ ಮಲಗಿದವರದ್ದು. ಬೈಕುಗಳನ್ನು ನಾಲ್ಕು ಜನ ಸೇರಿ ಎತ್ತಿ ಬದಿಗಿಡುವ ಪದ್ಧತಿ ಇದೆಯಲ್ಲ, ಅದನ್ನು ನಾವು ಬಿಟ್ಟಿದ್ದೇವೆ. ಹಳೆಯ ಗೀರೂ ಆಮೇಲೆ ನಮ್ಮ ಗೀರೇ ಆಗುತ್ತದೆ. ಸರಿಸಲೇಬೇಕಾದರೆ ಪೊಲೀಸರ ಎದುರು, ನಾಲ್ಕೂ ಬದಿಯಿಂದ ಫೋಟೊ ತೆಗೆದು. ಉಳಿದ ಕಾರನ್ನು ಫ್ರೇಮ್‌ನಲ್ಲಿ ಇಟ್ಟುಕೊಳ್ಳಲು ಕ್ಯಾಮೆರಾಮನ್‌ರನ್ನು ಒಪ್ಪಿಸುವುದೇ ಸುಲಭ. ಪೇಟೆಯ ರಸ್ತೆಯಲ್ಲಿ ಕಾರು ನಿಂತಿದ್ದರೆ ನೋಡುವವರಿಗೆ ವಿಚಿತ್ರ ಅನಿಸುವುದಿಲ್ಲ.

ರಿಕ್ಷಾ ಪಾರ್ಕಿನವರನ್ನು ಮರೆತರೆ ಕೆಲಸ ಕೆಟ್ಟಿತು. ಅವರ ಜಾಗ ನಾವು ಹಿಡಿದರೆ ಆ ದಿನದ ದುಡಿಮೆ ಹೋಗುತ್ತದೆ, ಅದೇ ರಸ್ತೆಯಲ್ಲಿ ಸಿಕ್ಕಲ್ಲಿ ನಿಲ್ಲುತ್ತಾರೆ, ತಪ್ಪು ಅವರದ್ದಲ್ಲ. ನಾವು ಮಾಡುವುದು ಇಷ್ಟು: ಆ ಪಾರ್ಕಿನ ನಾಲ್ಕೈದು ರಿಕ್ಷಾಗಳನ್ನೇ ಇಡೀ ದಿನಕ್ಕೆ ಗೊತ್ತು ಮಾಡಿ ಮಂಟಪದಿಂದ ಲೊಕೇಶನ್‌ಗೆ ಜನ ಸಾಗಿಸಲು ಬಿಡುವುದು. ಎಂಟು ಕಾರು ಹಿಂದೆ ಮುಂದೆ ಓಡಾಡುವುದು ಇದರಿಂದ ತಪ್ಪುತ್ತದೆ, ಕಿರಿದಾದ ಜಾಗದಲ್ಲಿ ರಿಕ್ಷಾ ತಿರುಗುತ್ತದೆ, ಒಳದಾರಿಗಳೆಲ್ಲ ಅವರಿಗೆ ಗೊತ್ತು. ಉಳಿದವರಿಗೆ ಪಕ್ಕದ ಪಾರ್ಕಿನಲ್ಲಿ ಜಾಗ ಆಗುತ್ತದೆಯೇ ಎಂದು ಅವರಲ್ಲೇ ಮಾತಾಡಿಸಿ.

ಬಸ್ಸಿನ ವಿಷಯ ಇನ್ನೂ ನಾಜೂಕು. ನಮ್ಮ ಸಿಟಿ ಬಸ್ಸು, ಸರ್ವಿಸ್ ಬಸ್ಸುಗಳು ಹೆಚ್ಚಿನವು ಖಾಸಗಿ, ಓಡುವುದು ಪರ್ಮಿಟ್‌ನ ಟೈಮಿಂಗ್ ಮೇಲೆ. ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣಕ್ಕೆ ಒಂದು ಬಸ್ಸು ಐದು ನಿಮಿಷ ತಡವಾಗಿ ತಲುಪಿದರೆ ಹಿಂದಿನ ಬಸ್ಸಿನ ಜನ, ಹೊರಡುವ ಸರದಿ, ಕಂಡಕ್ಟರ್-ಕಂಡಕ್ಟರ್ ಜಗಳ ಎಲ್ಲ ಒಟ್ಟಿಗೆ ಬರುತ್ತದೆ. ಆದ್ದರಿಂದ ಬಸ್ಸು ಕಂಡರೆ ಹೋಲ್ಡ್ (ಟೇಕ್‌ಗಾಗಿ ಗಾಡಿ ತಡೆಯುವುದು) ಇಲ್ಲ, ಬಿಟ್ಟುಬಿಡುವುದು. ಬಸ್ಸು ದಾಟಿದ ಹಿಂದೆಯೇ ಟೇಕ್ ತೆಗೆದರೆ ರಸ್ತೆಯೂ ಒಂದು ಗಳಿಗೆ ಖಾಲಿ ಸಿಗುತ್ತದೆ.

ಈಗ ಹೋಲ್ಡ್‌ನ ಲೆಕ್ಕ. ಪೂರ್ತಿ ಮುಚ್ಚದೆ ಟೇಕ್ ಇದ್ದಾಗ ಮಾತ್ರ ಗಾಡಿ ತಡೆಯುವುದಾದರೆ ಎಷ್ಟು ಹೊತ್ತು ತಡೆಯಬಹುದು? ಡೈರೆಕ್ಟರ್ ‘ಒಂದೇ ನಿಮಿಷ’ ಅನ್ನುತ್ತಾರೆ, ಅಸಿಸ್ಟೆಂಟ್ ಐದು ನಿಮಿಷ ಹಿಡಿಯುತ್ತಾರೆ. ರೆಕ್ಕಿಯಲ್ಲೇ ಅಳೆಯಿರಿ. ತಡೆಯುವ ಗೆರೆಯಿಂದ ಹಿಂದಿನ ಜಂಕ್ಷನ್‌ಗೆ ಎಷ್ಟು ಮೀಟರ್? 110 ಅಂದುಕೊಳ್ಳಿ. ಕಾರು, ರಿಕ್ಷಾ, ಬೈಕು ಸೇರಿ ಸರಾಸರಿ ಒಂದು ಗಾಡಿಗೆ 5 ಮೀಟರ್ ಹಿಡಿದರೆ 22 ಗಾಡಿಗಳ ಸಾಲು ನಿಲ್ಲಬಹುದು. ಅದೇ ಹೊತ್ತಿನಲ್ಲಿ ನಿಮಿಷಕ್ಕೆ ಎಷ್ಟು ಗಾಡಿ ಬರುತ್ತವೆ ಎಂದು ಹತ್ತು ನಿಮಿಷ ನಿಂತು ಎಣಿಸಿ. 14 ಬಂದರೆ ಒಂದೂವರೆ ನಿಮಿಷಕ್ಕೆ 21. ಅಲ್ಲಿಗೆ ಮಿತಿ ಮುಗಿಯಿತು. 90 ಸೆಕೆಂಡ್ ದಾಟಿದರೆ ಸಾಲು ಜಂಕ್ಷನ್‌ನೊಳಗೆ ಹೋಗುತ್ತದೆ, ಆಮೇಲೆ ಶೂಟಿಂಗ್‌ಗೆ ಸಂಬಂಧವೇ ಇಲ್ಲದ ರಸ್ತೆಗಳೂ ಕಟ್ಟುತ್ತವೆ. ಬಿಡುವ ಲೆಕ್ಕವೂ ಇದೆ. ಒಂದು ಸಾಲಿನಲ್ಲಿ ಎರಡು ಸೆಕೆಂಡಿಗೆ ಒಂದು ಗಾಡಿ ಹೊರಟರೆ ನಿಮಿಷಕ್ಕೆ 30. ಅಷ್ಟರಲ್ಲಿ ಹೊಸದಾಗಿ 14 ಬಂದಿರುತ್ತವೆ, ಕರಗುವುದು 16 ಮಾತ್ರ. 21 ಗಾಡಿ ಕರಗಲು 80 ಸೆಕೆಂಡ್. ಬಾಲ ಪೂರ್ತಿ ಹೋಗುವ ಮೊದಲೇ ಮತ್ತೆ ತಡೆದರೆ ಎರಡನೇ ಸಾಲು ಮೊದಲಿನದರ ಮೇಲೆ ಕೂರುತ್ತದೆ. ಮೂರನೇ ಟೇಕ್‌ಗೆ ಹಾರ್ನ್ ಸುರಿಮಳೆ, ಸಿಂಕ್ ಸೌಂಡ್ (ಶಾಟ್ ಜೊತೆಗೇ ದಾಖಲಿಸುವ ಧ್ವನಿ) ಕಥೆ ಮುಗಿಯಿತು. ನಾವು ಎರಡೂವರೆ ನಿಮಿಷ ಬಿಡುತ್ತೇವೆ. ಲೆಕ್ಕಕ್ಕೆ ಗಂಟೆಗೆ ಹದಿನೈದು, ಬಸ್ಸು ಬಿಡುವುದೂ ಸೇರಿ ಹತ್ತು-ಹನ್ನೆರಡು ಟೇಕ್, ಅಷ್ಟೇ. ಇದನ್ನು ಹಿಂದಿನ ದಿನವೇ ಡೈರೆಕ್ಟರ್‌ಗೆ ಬರೆದುಕೊಡುವುದು ಒಳ್ಳೆಯದು.

ಪೊಲೀಸರು ತಡೆದಾಗ ಪಕ್ಕದಲ್ಲಿ ನಿಂತ ನಮ್ಮ ಹುಡುಗನಿಗೆ ತುಳು ಬರಬೇಕು. ‘ರಡ್ಡ್ ನಿಮಿಷ ಉಂತುಲೆ’ (ಎರಡು ನಿಮಿಷ ನಿಲ್ಲಿ) ಅಂದರೆ ಎಂಜಿನ್ ಆಫ್ ಮಾಡುವವರು, ಬೌನ್ಸರ್ ಕೈ ಅಡ್ಡ ಹಿಡಿದರೆ ಕಾರಿನಿಂದ ಇಳಿದೇ ಬರುತ್ತಾರೆ.

ಏಕಮುಖ ರಸ್ತೆಯಲ್ಲಿ ಇನ್ನೊಂದು ತೊಂದರೆ. ಹೀರೊ ಓಡಿಸುವ ಕಾರನ್ನು ಮುಂದಿನ ಟೇಕ್‌ಗೆ ಮೊದಲಿನ ಜಾಗಕ್ಕೆ ತರಬೇಕಾದರೆ ಪೂರ್ತಿ ಸುತ್ತು ಬರಬೇಕು, ಅಂದರೆ ನಮ್ಮದೇ ಸಾಲಿನ ಬಾಲದಲ್ಲಿ ನಮ್ಮದೇ ಕಾರು ಸಿಕ್ಕಿಬೀಳುತ್ತದೆ. ಕಾರು ಓಡುವ ಶಾಟ್ ಇದ್ದರೆ ಎರಡೂ ದಿಕ್ಕಿಗೆ ಹೋಗಬಹುದಾದ ಬೀದಿ ಆರಿಸಿ. ಏಕಮುಖದಲ್ಲಿ ನಡೆಯುವ ಶಾಟ್ ಮಾತ್ರ. ಸುಳ್ಳು ನಂಬರ್ ಪ್ಲೇಟ್ ಹಾಕಿದ ಗಾಡಿಯನ್ನಂತೂ ತೆರೆದ ರಸ್ತೆಗೆ ತರಲೇಬಾರದು. ಲಾರಿಯ ಮೇಲೆ ಹೇರಿ ತಂದು, ಮುಚ್ಚಿದ ತುಂಡಿನಲ್ಲೇ ಪ್ಲೇಟ್ ಹಾಕಿ, ಅಲ್ಲೇ ಬಿಚ್ಚಬೇಕು.

ಲೊಕೇಶನ್‌ನಲ್ಲಿ ಉಳಿಯುವ ಗಾಡಿ ಎರಡೇ: ಕ್ಯಾಮೆರಾ ವ್ಯಾನ್, ಜನರೇಟರ್. ಲೈಟ್ ಲಾರಿ ಬೆಳಿಗ್ಗೆ ಐದಕ್ಕೆ ಬಂದು ಅರ್ಧ ಗಂಟೆಯಲ್ಲಿ ಇಳಿಸಿ ಹೋಗಬೇಕು. ಜನರೇಟರ್ ರಸ್ತೆಗೆ ಬೇಡ, ಯಾವುದಾದರೂ ಬ್ಯಾಂಕಿನ ಇಲ್ಲವೇ ಕಾಂಪ್ಲೆಕ್ಸಿನ ಹಿಂಬದಿ ಅಂಗಳಕ್ಕೆ. ಕೇಬಲ್ ಉದ್ದವಾದಷ್ಟೂ ವೋಲ್ಟೇಜ್ ಇಳಿಯುತ್ತದೆ, ದೊಡ್ಡ ಲೈಟ್ ಮಿನುಗುತ್ತದೆ ಅಥವಾ ಹತ್ತುವುದೇ ಇಲ್ಲ; 80-100 ಮೀಟರ್ ಎಳೆಯುವುದಾದರೆ ದಪ್ಪ ಕೇಬಲ್ ತರಿಸಿ. ಆಸ್ಪತ್ರೆ, ಶಾಲೆ, ಕೋರ್ಟಿನ ಸುತ್ತ 100 ಮೀಟರ್ ನಿಶ್ಶಬ್ದ ವಲಯ ಎಂಬುದೂ ಲೆಕ್ಕದಲ್ಲಿರಲಿ. ರಸ್ತೆ ದಾಟುವ ಕೇಬಲ್‌ಗೆ ರಬ್ಬರ್ ರ‍್ಯಾಂಪ್ ಹಾಕದಿದ್ದರೆ ಸ್ಕೂಟರಿನವರು ಜಾರುತ್ತಾರೆ, ಮಳೆ ಹನಿದ ಕಾಂಕ್ರೀಟ್ ಮೇಲಂತೂ ಖಂಡಿತ. ಇನ್ನು ನಮ್ಮ ಪೇಟೆಗೇ ವಿಶೇಷವಾದ ಅಪಾಯ ಚರಂಡಿ ಚಪ್ಪಡಿ. ಫುಟ್‌ಪಾತ್ ಎಂದು ಕಾಣುವುದರ ಅಡಿಯಲ್ಲಿ ಆಳದ ತೋಡು ಇರುತ್ತದೆ. ಜನ ನಡೆಯಲು ಹಾಕಿದ ಚಪ್ಪಡಿ ಕ್ಯಾರವಾನ್ ಚಕ್ರಕ್ಕೆ, ಕ್ರೇನಿನ ತೂಕದ ಕಲ್ಲುಗಳಿಗೆ ತಡೆಯುವುದಿಲ್ಲ. ಚಕ್ರ ಇಳಿದರೆ ಎತ್ತಲು ಇನ್ನೊಂದು ಕ್ರೇನ್, ಅದು ನಿಲ್ಲಲು ಅರ್ಧ ರಸ್ತೆ.

ವೆನ್ಲಾಕ್, ಲೇಡಿಗೋಷನ್ ಎರಡೂ ಆಸ್ಪತ್ರೆಗಳು ಹಂಪನಕಟ್ಟೆಯ ಆಸುಪಾಸಿನಲ್ಲೇ ಇವೆ. ಆದ್ದರಿಂದ ಮೂರೂವರೆ ಮೀಟರ್ ಅಗಲದ ಒಂದು ದಾರಿ ಯಾವ ಹೊತ್ತಿಗೂ ತೆರೆದಿರಬೇಕು. ಅಲ್ಲಿ ಚಕ್ರ ಇಲ್ಲದ ಯಾವ ವಸ್ತುವೂ ಇರಬಾರದು. ಕ್ಯಾಮೆರಾ ಸರಿಸುವ ಹಳಿಯನ್ನು, ಅಂದರೆ ಟ್ರ್ಯಾಕ್ ಅನ್ನು, ರಸ್ತೆಗೆ ಅಡ್ಡ ಹಾಸಿದರೆ ಎತ್ತಲು ನಾಲ್ಕೈದು ನಿಮಿಷ ಬೇಕು, ಹಾಗಾಗಿ ಉದ್ದಕ್ಕೆ, ಬದಿಗೆ ಮಾತ್ರ. ಎರಡೂ ತುದಿಯಲ್ಲಿ ವಾಕಿಟಾಕಿ ಹಿಡಿದವರಿಗೆ ಒಂದು ಅಧಿಕಾರ ಕೊಟ್ಟಿರಬೇಕು: ಸೈರನ್ ಕೇಳಿದರೆ ಯಾರನ್ನೂ ಕೇಳದೆ ಟೇಕ್ ನಿಲ್ಲಿಸಿ ದಾರಿ ಬಿಡುವುದು. ಡೈರೆಕ್ಟರ್ ‘ಕಟ್’ ಅನ್ನಲಿ ಎಂದು ಕಾಯುವ ವ್ಯವಸ್ಥೆ ಇದ್ದರೆ ಅದು ವ್ಯವಸ್ಥೆಯೇ ಅಲ್ಲ.

ಹೊಡೆದಾಟ, ಅಪಘಾತ, ಡಮ್ಮಿ ಬಂದೂಕು, ಪೊಲೀಸ್ ವೇಷ ಇದ್ದರೆ 112ರ ಕಂಟ್ರೋಲ್ ರೂಮಿಗೆ ಬೆಳಿಗ್ಗೆಯೇ ತಿಳಿಸಿ, ಎರಡೂ ತುದಿಗೆ ಕಾಣುವಂತೆ ಬೋರ್ಡ್ ಹಾಕಿ. ಇಲ್ಲದಿದ್ದರೆ ದೂರದಿಂದ ತೆಗೆದ ಹತ್ತು ಸೆಕೆಂಡಿನ ವಿಡಿಯೋ ಶಾಟ್ ಮುಗಿಯುವ ಮೊದಲೇ ಊರಿಡೀ ಸುತ್ತಿರುತ್ತದೆ. ಹೆಸರಾಂತ ನಟರಿದ್ದರೆ ಅವರ ಶಾಟ್‌ಗಳನ್ನು ಮೊದಲ ಗಂಟೆಯಲ್ಲೇ ಮುಗಿಸುತ್ತೇವೆ. ಸುದ್ದಿ ಹರಡಿ ಬೈಕುಗಳು ಬರುವಷ್ಟರಲ್ಲಿ ಅವರು ಮಂಟಪದಲ್ಲಿ ತಿಂಡಿ ತಿನ್ನುತ್ತಿರಬೇಕು.

ಪ್ಯಾಕಪ್ ಆದಮೇಲೆ ಲಾರಿ ಲೋಡ್ ಮಾಡುವ ಅರ್ಧ ಗಂಟೆ ಅನುಮತಿಯ ಗಂಟೆಯೊಳಗೇ ಸೇರಿರಬೇಕು. ಒಂಬತ್ತಕ್ಕೆ ರಸ್ತೆ ಬಿಡಬೇಕಾದರೆ ಕೊನೆಯ ಟೇಕ್ ಎಂಟೂಕಾಲಿಗೆ. ಕೋನ್‌ಗಳನ್ನು ಒಂದೇ ಸಲ ತೆಗೆಯಬೇಡಿ, ಲೈಟ್ ಲಾರಿಗೆ ಬೇಕಾದ ಜಾಗ ಕೊನೆಗೆ. ಇಲ್ಲವಾದರೆ ಅಲ್ಲಿ ಯಾರೋ ಕಾರು ಹಾಕಿ ಹೋಗಿರುತ್ತಾರೆ, ಲಾರಿ ರಸ್ತೆಯ ನಡುವೆ ನಿಂತು ಲೋಡ್ ಆಗುತ್ತದೆ. ಗಮ್ ಟೇಪ್, ಚಹಾದ ಲೋಟ, ಗೋಡೆಗೆ ಅಂಟಿಸಿದ ನೋಟೀಸು ಎಲ್ಲ ಹೆಕ್ಕಿ, ಬದಲಿಸಿದ ಅಂಗಡಿ ಬೋರ್ಡ್‌ಗಳನ್ನು ಮರಳಿ ಏರಿಸಿ, ರಿಕ್ಷಾದವರ ಬಾಡಿಗೆ ಅಲ್ಲೇ ಕೈಗೆ ಕೊಟ್ಟು, ಕೊನೆಗೆ ಫೋನ್ ಹಿಡಿದ ಹುಡುಗ ಒಬ್ಬನೇ ಇನ್ನೊಂದು ಗಂಟೆ ಅಲ್ಲೇ ಇರುತ್ತಾನೆ, ಕಾರಿಗೆ ಗೀರು ಬಿದ್ದಿದೆ ಎಂದು ಬರುವವರಿಗಾಗಿ.