ಜಖಂ ಆಗಲಿ, ಆದರೆ ಛಾವಣಿ ಮುಟ್ಟಬೇಡಿ

ಬೆಂಗಳೂರಿನ ಒಂದು ಸ್ಟುಡಿಯೋದಲ್ಲಿ ಐದು ವರ್ಷ ರೇಸಿಂಗ್ ಗೇಮ್‌ಗಳಿಗೆ ಕಾರು ಮಾಡಿದ್ದೇನೆ. ಗೇಮ್ ಹೊರದೇಶದ್ದು, ಕಾರಿನ ಮಾಡೆಲ್ ಮಾತ್ರ ನಮ್ಮ ಕೈಯದು. ಈ ಕೆಲಸ ಅಂತ ಹೇಳಿದ ಕೂಡಲೇ ಜನ ಕೇಳೋದು ಒಂದೇ: "ಇನ್ನೂರರಲ್ಲಿ ಹೋಗಿ ಗೋಡೆಗೆ ಗುದ್ದಿದ್ರೂ ಬಂಪರ್ ಸ್ವಲ್ಪ ಗೀಚುತ್ತೆ ಅಷ್ಟೇ, ಯಾಕೆ?" ಕಾರು ಕಂಪನಿಯವರು ಬಿಡಲ್ಲ ಅಂತ ಹೇಳಿ ಸುಮ್ನಾಗುತ್ತಿದ್ದೆ. ಅದು ಅರ್ಧ ನಿಜ.

ಅಸಲಿ ಕಾರನ್ನು ಗೇಮ್‌ಗೆ ತರಬೇಕಾದರೆ ಲೈಸೆನ್ಸ್ ಬೇಕು. ಹೆಸರು, ಲೋಗೋ, ಮೈಕಟ್ಟು ಎಲ್ಲ ಅವರದ್ದು. ಮಾಡೆಲ್ ಮುಗಿದ ಮೇಲೆ ನಾಲ್ಕೂ ಕಡೆಯ ಚಿತ್ರಗಳು ಅವರ ಅಪ್ರೂವಲ್‌ಗೆ ಹೋಗುತ್ತವೆ. ಹೆಡ್‌ಲೈಟ್ ಒಳಗಿನ ಗೆರೆ, ಬಾಗಿಲಿನ ಸಂದು, ಬಣ್ಣದ ಹೊಳಪು, ಒಂದನ್ನೂ ಬಿಡದೆ ಕೆಂಪು ಗುರುತು ಹಾಕಿ ವಾಪಸ್ ಕಳಿಸುತ್ತಾರೆ. ಡ್ಯಾಮೇಜ್ ಚಿತ್ರಗಳಿಗೆ ಇನ್ನೊಂದು ಸುತ್ತು.

ನನ್ನ ಮೊದಲ ಡ್ಯಾಮೇಜ್ ಕೆಲಸ ಒಂದು ಸೆಡಾನ್. ಹುರುಪಿನಲ್ಲಿ ಮನೆ ಹತ್ತಿರದ ಗ್ಯಾರೇಜಿಗೆ ಹೋಗಿ, ಗುದ್ದಿಸಿಕೊಂಡು ಬಂದು ನಿಂತಿದ್ದ ಕಾರುಗಳ ಫೋಟೋ ತೆಗೆದುಕೊಂಡು ಬಂದೆ. ಅದನ್ನೇ ನೋಡಿ ಬಾನೆಟ್ ಮಡಚಿದೆ, ಗಾಜಿನಲ್ಲಿ ಜೇಡರ ಬಲೆ ಬಿಡಿಸಿದೆ. ಗಾಜಿನ ಪಕ್ಕ ಛಾವಣಿ ಹೊರುವ ಕಂಬವನ್ನೂ ನಾಲ್ಕು ಬೆರಳು ಒಳಕ್ಕೆ ತಳ್ಳಿದೆ. ವಾಪಸ್ ಬಂದ ಚಿತ್ರದಲ್ಲಿ ಬಾನೆಟ್‌ಗೆ ಸಣ್ಣ ತಕರಾರು. ಕನ್ನಡಿ ಉದುರಿದರೂ ಪರವಾಗಿಲ್ಲ. ಕಂಬದ ಸುತ್ತ ಮಾತ್ರ ದಪ್ಪನೆಯ ಕೆಂಪು ವೃತ್ತ: ಬಗ್ಗಬಾರದು. ಛಾವಣಿ ಒಂದಿಷ್ಟೂ ಕುಗ್ಗಬಾರದು.

ನನಗೆ ಸಿಟ್ಟು ಬಂತು, ಇದೆಂಥ ಜಂಬ ಅಂತ. ಆಮೇಲೆ ನಮ್ಮ ಸೀನಿಯರ್ ಒಬ್ಬರು ಸ್ಕ್ರೀನ್ ತೋರಿಸಿ ಕೇಳಿದರು, "ಈ ಕಾರಲ್ಲಿ ಡ್ರೈವರ್ ಬದುಕಿದ್ದಾನಾ?" ಮೂತಿ ನಜ್ಜುಗುಜ್ಜಾದರೆ ಅದು ಆಕ್ಸಿಡೆಂಟ್. ಕ್ಯಾಬಿನ್ ಕುಸಿದರೆ ಅದು ಸಾವು. ಮೂತಿ ಮಡಚಿಕೊಳ್ಳಲಿ ಅಂತಲೇ ಅಲ್ವಾ ಕಾರು ಕಟ್ಟೋದು? ಮರ್ಸಿಡಿಸ್‌ನ ಎಂಜಿನಿಯರ್ ಬೇಲಾ ಬರೇನಿ ಯೋಚಿಸಿದ್ದು ಇದನ್ನೇ: ಮುಂದೆ ಹಿಂದೆ ಮೆತ್ತಗೆ, ನಡುವೆ ಗಟ್ಟಿ ಪೆಟ್ಟಿಗೆ. 1959ರಲ್ಲಿ ಅಂಥ ಕಾರು ಮಾರುಕಟ್ಟೆಗೂ ಬಂತು. ಆ ಪೆಟ್ಟಿಗೆ ಚಪ್ಪಟೆಯಾದ ಚಿತ್ರದ ಮೇಲೆ ಯಾವ ಕಂಪನಿ ತಾನೇ ತನ್ನ ಲೋಗೋ ಬಿಡುತ್ತದೆ?

ಇನ್ನರ್ಧ ನಮ್ಮದೇ ಗುಟ್ಟು. ಎಷ್ಟೋ ಕಾರುಗಳಲ್ಲಿ ನಾವು ಬಾನೆಟ್ ಕೆಳಗೆ ಏನೂ ಮಾಡಿರುತ್ತಿರಲಿಲ್ಲ. ಖಾಲಿ! ಬಾನೆಟ್ ಹಾರಿಹೋಗಬೇಕಾದರೆ ಎಂಜಿನ್ ಮಾಡಬೇಕು. ಬಾಗಿಲು ಕಳಚಬೇಕಾದರೆ ಅದರ ಒಳಮೈ, ಕೀಲು, ರಬ್ಬರ್ ಎಲ್ಲ ಬೇಕು. 2010ರ ಗ್ರ್ಯಾನ್ ಟೂರಿಸ್ಮೊ 5 ಗೇಮ್‌ನಲ್ಲಿ ಸಾವಿರಕ್ಕೂ ಜಾಸ್ತಿ ಕಾರುಗಳಿದ್ದವು. ಒಂದೊಂದಕ್ಕೂ ಇಷ್ಟೆಲ್ಲ ಕೂತು ಮಾಡೋರು ಯಾರು? ಕಂಪನಿ ಬಿಡಲ್ಲ ಅನ್ನೋದು ನಮಗೂ ಒಳ್ಳೆ ನೆಪ.

ಲೈಸೆನ್ಸ್ ಇದ್ದೂ ಚೆನ್ನಾಗಿ ಒಡೆದವರಿದ್ದಾರೆ. 2008ರಲ್ಲಿ ಕೋಡ್‌ಮಾಸ್ಟರ್ಸ್ ಕಂಪನಿ ತಂದ ಗ್ರಿಡ್ ಗೇಮ್‌ನಲ್ಲಿ ಅಸಲಿ ಕಾರುಗಳ ಬಿಡಿಭಾಗಗಳೇ ಟ್ರ್ಯಾಕ್ ಮೇಲೆ ಚೆಲ್ಲಾಡುತ್ತಿದ್ದವು. ರೇಸ್ ಕಾರು ಒಡೆಯೋದನ್ನು ಜನ ಟಿವಿಯಲ್ಲಿ ನೋಡಿಯೇ ಇರುತ್ತಾರೆ, ಹಾಗಾಗಿ ಅದಕ್ಕೆ ಮುಜುಗರ ಕಡಿಮೆ. ಶೋರೂಮ್‌ನಲ್ಲಿ ಮಾರೋ ಫ್ಯಾಮಿಲಿ ಕಾರಿಗೆ ಹಾಗಲ್ಲ. ಅದೇ ವರ್ಷದ ಬರ್ನ್‌ಔಟ್ ಪ್ಯಾರಡೈಸ್ ಗೇಮ್ ಈ ಲೈಸೆನ್ಸ್ ಗೊಡವೆಯೇ ಬೇಡ ಅಂತ ಕಾರುಗಳನ್ನೆಲ್ಲ ತಾನೇ ಹುಟ್ಟಿಸಿಕೊಂಡಿತು. ಇಡೀ ಮೈ ತಗಡಿನ ಹಾಗೆ ಬಗ್ಗುವ ಬೀಮ್‌ಎನ್‌ಜಿ ಗೇಮ್‌ನಲ್ಲೂ ಬ್ರ್ಯಾಂಡುಗಳು ಕಲ್ಪನೆಯವೇ.

ಕೆಲಸ ಬಿಟ್ಟ ಮೇಲೆ ಇಬ್ಬರು ಗೆಳೆಯರ ಜೊತೆ ಒಂದು ಚಿಕ್ಕ ಗೇಮ್ ಶುರು ಮಾಡಿದೆ. ಕಾರು ನಮ್ಮದೇ, ಲೋಗೋ ನಮ್ಮದೇ, ಕೆಂಪು ವೃತ್ತ ಹಾಕೋರು ಯಾರೂ ಇಲ್ಲ. ಮೊದಲ ದಿನವೇ ಆ ಕಂಬ ಹಿಡಿದು ಎಳೆದೆ, ಛಾವಣಿ ಸೀಟಿನವರೆಗೆ ಇಳಿಯಿತು. ಎಷ್ಟು ಖುಷಿಯಾಯಿತು ಅಂದರೆ! ಹಿಂದೆ ನಿಂತು ನೋಡುತ್ತಿದ್ದ ಗೆಳೆಯ ಕೇಳಿದ: "ಡ್ರೈವರ್ ತಲೆ ಎಲ್ಲಿಡ್ತೀಯಾ?" ಮಕ್ಕಳೂ ಆಡಲಿ ಅಂತ ಮಾಡುತ್ತಿದ್ದ ಗೇಮ್ ಅದು. ಎರಡು ನಿಮಿಷ ನೋಡಿದೆ. ಛಾವಣಿಯನ್ನು ವಾಪಸ್ ಮೇಲೆತ್ತಿ, ಬಾನೆಟ್ ಕಡೆ ಹೋದೆ.